ತೇಗೇ ಬಾರದವರು ಗಂಟಲಿಗೆ ಬೊಟಾಕ್ಸ್ ಹಾಕಿಸಿಕೊಳ್ಳುವ ಮುನ್ನ, ಹಾಕಿಸಿಕೊಂಡ ಮೇಲೆ

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ನಮ್ಮದೊಂದು ಮೆಡಿಕಲ್ ಶಾಪ್ ಇದೆ. ಸಂಜೆ ಮಂಡಕ್ಕಿ, ಮಿರ್ಚಿ ಜಾಸ್ತಿ ತಿಂದವರು ಬಂದು ಈನೋ ಕೇಳುತ್ತಾರೆ. ಅಲ್ಲೇ ಕುಡಿದು, ಅಲ್ಲೇ ತೇಗಿ, ‘ಆರಾಮಾತಕ್ಕ’ ಅಂತ ಹೋಗುತ್ತಾರೆ. ನನಗೆ ಮಾತ್ರ ಚಿಕ್ಕಂದಿನಿಂದ ಒಂದು ತೇಗೂ ಬಂದಿರಲಿಲ್ಲ. ಕೊನೆಗೆ ಗಂಟಲಿನ ಸ್ನಾಯುವಿಗೆ ಬೊಟಾಕ್ಸ್, ಅಂದರೆ ಸ್ನಾಯುವನ್ನು ಕೆಲಕಾಲ ಸಡಿಲಿಸುವ ಇಂಜೆಕ್ಷನ್, ಹಾಕಿಸಿಕೊಂಡೆ.

ಗ್ಯಾಸ್ ಇರುವವರೆಲ್ಲ ಈ ಗುಂಪಿನವರಲ್ಲ. ನಮ್ಮ ಗುರುತು ಬೇರೆ. ಬೇಕೆಂದರೂ ತೇಗು ಬರುವುದಿಲ್ಲ. ಊಟವಾದ ಮೇಲೆ ಕುತ್ತಿಗೆಯ ಬುಡದಲ್ಲಿ ಕಪ್ಪೆ ವಟಗುಟ್ಟಿದ ಹಾಗೆ ಸದ್ದು. ಸಂಜೆಯಾಗುತ್ತಲೇ ಹೊಟ್ಟೆ ಬಿಗಿದು ಸೀರೆ ಸಡಿಲಿಸುವ ಸ್ಥಿತಿ. ಗಾಳಿಯೆಲ್ಲ ಕೆಳಗಿನಿಂದಲೇ ಹೋಗಬೇಕು, ಅದರ ಮುಜುಗರ ಬೇರೆ. ಕೆಲವರಿಗೆ ವಾಂತಿ ಮಾಡುವುದೂ ಕಷ್ಟ.

ಇಷ್ಟು ದಿನ ತೇಗುತ್ತಿದ್ದವರಿಗೆ ಈಗ ನಿಂತಿದ್ದರೆ, ಅನ್ನ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿದ್ದರೆ, ತೂಕ ಇಳಿಯುತ್ತಿದ್ದರೆ ಕಥೆಯೇ ಬೇರೆ. ಮೊದಲು ಎಂಡೋಸ್ಕೋಪಿ ಮಾಡಿಸಿ.

ಅನ್ನನಾಳದ ಮೇಲ್ತುದಿಯಲ್ಲಿ, ಧ್ವನಿಪೆಟ್ಟಿಗೆಯ ಹಿಂದೆ ಕ್ರೈಕೋಫ್ಯಾರಿಂಜಿಯಸ್ ಎಂಬ ಸ್ನಾಯು ಇದೆ. ನುಂಗುವಾಗ ಸಡಿಲವಾಗುತ್ತದೆ. ಕೆಳಗಿನಿಂದ ಗಾಳಿ ಬಂದಾಗಲೂ ಸಡಿಲವಾಗಬೇಕು, ನಮ್ಮಲ್ಲಿ ಆಗುವುದಿಲ್ಲ. ಹಾಗಾಗಿ ಓಮದ ನೀರು, ಇಂಗಿನ ಮಜ್ಜಿಗೆ, ನಾನೇ ಮಾರುವ ಗ್ಯಾಸ್ ಮಾತ್ರೆ, ಯಾವುದೂ ಆ ಸ್ನಾಯುವಿನ ತಂಟೆಗೆ ಹೋಗುವುದಿಲ್ಲ. ಈನೋ ಅಂತೂ ಇರುವ ಗಾಳಿಗೆ ಇನ್ನಷ್ಟು ಸೇರಿಸುತ್ತದೆ. ಅಮೆರಿಕದ ಇಲಿನಾಯ್ಸ್‌ನ ಡಾ. ರಾಬರ್ಟ್ ಬಾಸ್ಟಿಯನ್ 51 ರೋಗಿಗಳ ವಿವರ ಕೊಟ್ಟು ಇದಕ್ಕೊಂದು ಹೆಸರಿಟ್ಟು ಬರೆದದ್ದೇ 2019ರಲ್ಲಿ. ನಿಮ್ಮ ವೈದ್ಯರು ಕೇಳಿಲ್ಲ ಅಂದರೆ ಬೇಜಾರು ಮಾಡಿಕೊಳ್ಳಬೇಡಿ. ‘ರೆಟ್ರೋಗ್ರೇಡ್ ಕ್ರೈಕೋಫ್ಯಾರಿಂಜಿಯಸ್ ಡಿಸ್‌ಫಂಕ್ಷನ್’ ಅಂತ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಗಂಟಲ ಸದ್ದನ್ನು ಮೊಬೈಲಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಸ್ಕ್ಯಾನ್, ಎಂಡೋಸ್ಕೋಪಿ ಸಾಮಾನ್ಯವಾಗಿ ನಾರ್ಮಲ್ ಅಂತಲೇ ಬರುತ್ತವೆ, ಕಾಯಿಲೆ ಗೊತ್ತಾಗುವುದು ನೀವು ಹೇಳುವ ಕಥೆಯಿಂದ.

ಹೋಗಬೇಕಾದ್ದು ಧ್ವನಿಪೆಟ್ಟಿಗೆಯಲ್ಲೇ ಹೆಚ್ಚಿನ ತರಬೇತಿ ಇರುವ ಇಎನ್‌ಟಿ ವೈದ್ಯರ ಹತ್ತಿರ. ನಾನು ಬೆಂಗಳೂರಿಗೆ ಹೋದೆ. ರೈಲು ಹತ್ತುವ ಮೊದಲೇ ಫೋನ್ ಮಾಡಿ, ಈ ಸ್ನಾಯುವಿಗೆ ಬೊಟಾಕ್ಸ್ ಕೊಟ್ಟು ರೂಢಿ ಇದೆಯಾ ಅಂತ ಕೇಳಿ. ಔಷಧದ ವಯಲ್ ಸೇರಿ ಎಷ್ಟಾಗುತ್ತದೆ, ಇನ್ಶೂರೆನ್ಸ್ ಒಪ್ಪುತ್ತದಾ ಅಂತಲೂ ಕೇಳಿ. ಗರ್ಭಿಣಿಯಾಗಿದ್ದರೆ, ಹಾಲುಣಿಸುತ್ತಿದ್ದರೆ, ಸ್ನಾಯುಗಳ ಬಲ ಕುಂದಿಸುವ ಮಯಸ್ತೀನಿಯಾ ಗ್ರೇವಿಸ್ ಕಾಯಿಲೆ ಇದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮುಚ್ಚಿಡಬೇಡಿ. ಅಂಗಡಿಯವಳಾಗಿ ಇನ್ನೊಂದು ಮಾತು: ಇತ್ತೀಚೆಗೆ ಜೆಂಟಾಮೈಸಿನ್, ಅಮಿಕಾಸಿನ್ ಥರದ ಆ್ಯಂಟಿಬಯಾಟಿಕ್ ಇಂಜೆಕ್ಷನ್ ತಗೊಂಡಿದ್ದರೆ ಅದನ್ನೂ ಹೇಳಿ. ಅವು ಬೊಟಾಕ್ಸಿನ ಪರಿಣಾಮವನ್ನು ಜಾಸ್ತಿ ಮಾಡಬಲ್ಲವು.

ಇಂಜೆಕ್ಷನ್ ಕೊಡಲು ಎರಡು ದಾರಿ. ಪೂರ್ತಿ ಅರಿವಳಿಕೆ ಕೊಟ್ಟು ಬಾಯಿಯ ಮೂಲಕ ಕೊಳವೆ ಇಳಿಸಿ, ಸ್ನಾಯು ನೋಡಿಕೊಂಡೇ ಕೊಡುವುದು ಒಂದು. ಎಚ್ಚರವಿದ್ದಾಗಲೇ ಸ್ನಾಯುವಿನ ವಿದ್ಯುತ್ ಸಂಕೇತ ನೋಡುತ್ತಾ ಕುತ್ತಿಗೆಯ ಹೊರಗಿನಿಂದ ಚುಚ್ಚುವುದು ಇನ್ನೊಂದು. ನನಗೆ ಮೊದಲನೆಯದು. ಖಾಲಿ ಹೊಟ್ಟೆಯಲ್ಲಿ ಹೋದೆ, ಎದ್ದಾಗ ಗಂಟಲು ಕೆರೆಯುತ್ತಿತ್ತು, ಅಷ್ಟೇ.

ಜೋಪಾನ ಬೇಕಿರುವುದು ಆಮೇಲೆ. ಕೆಲವೇ ದಿನಗಳಲ್ಲಿ ಸ್ನಾಯು ಸಡಿಲಾಗಿ ನುಂಗುವುದು ನಿಧಾನವಾಗುತ್ತದೆ. ಕೆಲವು ವಾರ ಹಾಗೇ ಇರಬಹುದು. ಖಡಕ್ ರೊಟ್ಟಿ ಬೇಡ. ಮುದ್ದೆಯನ್ನು ಅಗಿಯದೆ ನುಂಗುವ ನಮ್ಮ ಪದ್ಧತಿಯಂತೂ ಬೇಡವೇ ಬೇಡ. ಗಂಜಿ, ಮೆತ್ತಗಿನ ಅನ್ನ-ಸಾರು, ಇಡ್ಲಿ. ನೆಟ್ಟಗೆ ಕೂತು, ಸಣ್ಣ ತುತ್ತು, ನಡುನಡುವೆ ಒಂದು ಗುಟುಕು ನೀರು. ತಿಂದದ್ದು ಮೇಲೆ ಬರುವ ಸಾಧ್ಯತೆ ಇರುವುದರಿಂದ ಊಟವಾದ ಕೂಡಲೇ ಮಲಗಬೇಡಿ. ಉಸಿರಾಟಕ್ಕೆ ಕಷ್ಟವಾದರೆ, ಎಂಜಲೂ ನುಂಗಲಾಗದಿದ್ದರೆ, ಜ್ವರದ ಜೊತೆ ಎದೆನೋವು ಬಂದರೆ ಬೆಳಗಾಗಲಿ ಅಂತ ಕಾಯದೆ ಎಮರ್ಜೆನ್ಸಿಗೆ ಹೋಗಿ.

ತೇಗು ಕಲಿಯಬೇಕು. ನಗಬೇಡಿ, ನಿಜ. ಗಾಳಿ ಮೇಲೆ ಬಂದ ತಕ್ಷಣ ಅದನ್ನು ನುಂಗಿಬಿಡುವುದು ನಮಗೆ ಅಭ್ಯಾಸವಾಗಿರುತ್ತದೆ. ಅದನ್ನು ಬಿಡಬೇಕು. ನುಂಗುವುದು ಸಲೀಸಾದ ಮೇಲೆ ಗೋಲಿ ಸೋಡಾ ಎರಡು ಗುಟುಕು ಕುಡಿದು, ನೆಟ್ಟಗೆ ಕೂತು, ತಲೆ ಒಂದು ಪಕ್ಕಕ್ಕೆ ತಿರುಗಿಸಿ, ಬಾಯಿ ತೆರೆದು ಸುಮ್ನೆ ಕಾಯಿರಿ. ಒತ್ತಾಯ ಬೇಡ. ಮೊದಮೊದಲು ಪುಟ್ಟ ಪುಟ್ಟ ತೇಗು, ಹೇಳದೆ ಕೇಳದೆ ಬರುತ್ತವೆ. ನನಗೆ ಬಂದದ್ದು ಕೌಂಟರಿನಲ್ಲಿ ಬಿಪಿ ಮಾತ್ರೆ ಎಣಿಸುವಾಗ. ಎದುರಿಗಿದ್ದ ಅಜ್ಜ, ‘ಊಟ ಜೋರೈತೇನವಾ’ ಅಂದರು. ನಾನಿನ್ನೂ ತಿಂಡಿಯನ್ನೇ ತಿಂದಿರಲಿಲ್ಲ.

ಔಷಧದ ಪ್ರಭಾವ ಸುಮಾರು 3 ತಿಂಗಳಿಗೆ ಇಳಿಯುತ್ತದೆ. ಅಷ್ಟರಲ್ಲಿ ರೂಢಿಯಾದರೆ ಬಹಳ ಜನರಿಗೆ ತೇಗು ಉಳಿದುಕೊಳ್ಳುತ್ತದೆ. ಕೆಲವರಿಗೆ ಇನ್ನೊಂದು ಸಲ ಬೇಕಾಗುತ್ತದೆ. ಅದಕ್ಕೇ ಡಿಸ್ಚಾರ್ಜ್ ಸಮ್ಮರಿಯಲ್ಲಿ ಯಾವ ಬ್ರ್ಯಾಂಡ್, ಎಷ್ಟು ಯೂನಿಟ್ ಅಂತ ಬರೆಸಿಕೊಳ್ಳಿ. ಒಂದು ಬ್ರ್ಯಾಂಡಿನ ಯೂನಿಟ್ ಇನ್ನೊಂದಕ್ಕೆ ಸಮವಲ್ಲ.