ರೀಸ್ಟಾರ್ಟ್ ಆದ ಮೇಲೆ ಮೌಸ್ ಸೆಟ್ಟಿಂಗ್ ಬದಲಾಗುತ್ತಿದೆಯೇ? ಬದಲಿಸುವವರನ್ನು ಮೊದಲು ಹಿಡಿಯಿರಿ

ನಾನು ಎಡಚ. ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಎಡಗೈಯಲ್ಲಿ ಮೌಸ್, ಬಲಗೈ ನಂಬರ್ ಕೀಗಳ ಮೇಲೆ. ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಅಡಿಕೆಯ ಬಗೆಬಗೆಯ ಲಾಟ್‌ಗಳ ತೂಕ ಹೊಡೆಯುವಾಗ ಇದರಷ್ಟು ಅನುಕೂಲ ಬೇರೆ ಇಲ್ಲ. ಬಲಗೈಯವರು ಕೀಬೋರ್ಡಿಗೂ ಮೌಸಿಗೂ ಕೈ ಓಡಿಸುತ್ತಲೇ ಇರುತ್ತಾರೆ, ಪಾಪ. ಆದರೆ ಬೆಳಗ್ಗೆ ಬಂದು ನೋಡಿದರೆ ಬಟನ್‌ಗಳು ಮತ್ತೆ ಬಲಗೈಗೆ ತಿರುಗಿರುತ್ತಿದ್ದವು, ಬಾಣದ ವೇಗವೂ ಬೇರೆ. ರೈತರು ಪಟ್ಟಿಗೆ ಕಾಯುತ್ತಿರುವಾಗ ಇದು ಬೇಕಾ?

ವಿಂಡೋಸ್ ಮರೆತುಬಿಡ್ತು ಅಂತ ಬಹಳ ಜನ ದಿನಾ ಬೆಳಗ್ಗೆ ಅದೇ ಸೆಟ್ಟಿಂಗ್ ಮತ್ತೆ ಮಾಡುತ್ತಾರೆ. ವಿಂಡೋಸ್ ಅಷ್ಟು ಸುಲಭಕ್ಕೆ ಮರೆಯುವುದಿಲ್ಲ. ಬಾಣದ ವೇಗ, ಯಾವ ಬಟನ್ ಮುಖ್ಯ ಅನ್ನುವುದೆಲ್ಲ ನಿಮ್ಮ ಅಕೌಂಟಿನ ರಿಜಿಸ್ಟ್ರಿಯಲ್ಲಿ, ಅಂದರೆ ವಿಂಡೋಸ್ ಸೆಟ್ಟಿಂಗ್‌ಗಳನ್ನು ಬರೆದಿಡುವ ಕಡತದಲ್ಲಿ, ಕೂತಿರುತ್ತದೆ. ಆಮೇಲೆ ಬಂದ ಯಾರೋ ಅದರ ಮೇಲೆ ತಮ್ಮದನ್ನು ಹೇರುತ್ತಾರೆ. ಹಾಗಾಗಿ ಸುಮ್ನೆ ಅದನ್ನೇ ಸರಿ ಮಾಡುತ್ತಾ ಕೂರಬೇಡಿ.

ಸೆಟ್ಟಿಂಗ್ಸ್‌ನಲ್ಲಿ ಮೌಸ್ ಪುಟ ತೆರೆಯಿರಿ. ನಿಮಗೆ ಬೇಕಾದ ಹಾಗೆ ಹೊಂದಿಸಿ, ಸ್ಲೈಡರ್ ಎಲ್ಲಿದೆ ಅಂತ ಫೋನಿನಲ್ಲಿ ಒಂದು ಫೋಟೋ ತೆಗೆಯಿರಿ. ವೇಗದ ಅಳತೆ 1ರಿಂದ 20ರವರೆಗೆ. ಕಂಪನಿ ಕೊಡುವುದು 10. ಕಂಪ್ಯೂಟರ್ ಮತ್ತೆ ಶುರುವಾದ ಮೇಲೆ ಅದೇ ಪುಟ ನೋಡಿ. ಸ್ಲೈಡರ್ ಜರುಗಿದ್ದರೆ ವಿಂಡೋಸ್ ಒಳಗಿನ ಸೆಟ್ಟಿಂಗನ್ನೇ ಯಾರೋ ಬದಲಿಸಿದ್ದಾರೆ. ಸ್ಲೈಡರ್ ಇದ್ದಲ್ಲೇ ಇದ್ದು ಬಾಣ ಮಾತ್ರ ಬೇರೆ ಥರ ಓಡಿದರೆ ಅನುಮಾನ ಡ್ರೈವರ್ (ವಿಂಡೋಸಿಗೂ ಮೌಸಿಗೂ ನಡುವೆ ಮಾತಾಡಿಸುವ ಪ್ರೋಗ್ರಾಂ) ಮೇಲೆ, ಮೌಸಿನ ಸಾಫ್ಟ್‌ವೇರ್ ಮೇಲೆ, ಇಲ್ಲವೇ ಮೌಸಿನ ಮೇಲೇ.

ಈ ಪರೀಕ್ಷೆಯನ್ನು ಎರಡು ಥರ ಮಾಡಿ: ಒಮ್ಮೆ ರೀಸ್ಟಾರ್ಟ್, ಒಮ್ಮೆ ಶಟ್ ಡೌನ್ ಮಾಡಿ ಆನ್. ಎರಡೂ ಒಂದೇ ಅಲ್ವಾ ಅಂದುಕೊಳ್ಳಬೇಡಿ. ವಿಂಡೋಸ್ 8ರಿಂದ ಈಚೆಗೆ ‘ಫಾಸ್ಟ್ ಸ್ಟಾರ್ಟಪ್’ ಅಂತ ಒಂದಿದೆ. ಅದು ಆನ್ ಇದ್ದರೆ ಶಟ್ ಡೌನ್ ಮಾಡಿದಾಗ ಕಂಪ್ಯೂಟರ್ ಪೂರ್ತಿ ಮಲಗುವುದಿಲ್ಲ. ವಿಂಡೋಸಿನ ಮೂಲ ಭಾಗವನ್ನೂ ಡ್ರೈವರ್‌ಗಳನ್ನೂ ಇದ್ದ ಸ್ಥಿತಿಯಲ್ಲೇ ಡಿಸ್ಕ್‌ಗೆ ಬರೆದಿಟ್ಟು, ಮರುದಿನ ಅದನ್ನೇ ಎತ್ತಿಕೊಳ್ಳುತ್ತದೆ. ರೀಸ್ಟಾರ್ಟ್ ಮಾತ್ರ ಎಲ್ಲವನ್ನೂ ಹೊಸದಾಗಿ ಶುರು ಮಾಡುತ್ತದೆ. ಅಂದರೆ ಕೆಟ್ಟ ಸ್ಥಿತಿಯಲ್ಲಿರುವ ಮೌಸ್ ಡ್ರೈವರ್ ದಿನಗಟ್ಟಲೆ ಹಾಗೇ ಎದ್ದು ಬರುತ್ತಿರಬಹುದು. ರೀಸ್ಟಾರ್ಟ್‌ನಲ್ಲಿ ಸರಿಯಿದ್ದು, ರಾತ್ರಿ ಆಫ್ ಮಾಡಿ ಬೆಳಗ್ಗೆ ಹಾಕಿದಾಗ ಮಾತ್ರ ಕೆಟ್ಟರೆ ಇದೇ ಕಾರಣ ಇರಬಹುದು. ಕಂಟ್ರೋಲ್ ಪ್ಯಾನಲ್‌ನ ‘ಪವರ್ ಆಪ್ಷನ್ಸ್’ಗೆ ಹೋಗಿ, ‘ಚೂಸ್ ವಾಟ್ ದ ಪವರ್ ಬಟನ್ಸ್ ಡೂ’ ಒತ್ತಿ. ಫಾಸ್ಟ್ ಸ್ಟಾರ್ಟಪ್‌ನ ಗುರುತು ಮಸುಕಾಗಿ ಕಂಡರೆ ಮೇಲಿರುವ ‘ಚೇಂಜ್ ಸೆಟ್ಟಿಂಗ್ಸ್’ ಸಾಲನ್ನು ಒತ್ತಿ, ಆಮೇಲೆ ಗುರುತು ತೆಗೆದು ಸೇವ್ ಮಾಡಿ. ಕಂಪ್ಯೂಟರ್ ಏಳುವುದು ಸ್ವಲ್ಪ ನಿಧಾನವಾಗಬಹುದು. ನನ್ನ ಪ್ರಕಾರ ಅದೇನೂ ನಷ್ಟವಲ್ಲ.

ಎರಡರಲ್ಲೂ ಕೆಟ್ಟರೆ ಮೌಸ್ ಜೊತೆ ಬಂದ ಸಾಫ್ಟ್‌ವೇರ್ ನೋಡಿ. ಲಾಜಿಟೆಕ್‌ನ ಜಿ ಹಬ್, ರೇಜರ್‌ನ ಸಿನಾಪ್ಸ್ ಥರದವು ತಮ್ಮದೇ ಪ್ರೊಫೈಲ್ ಇಟ್ಟುಕೊಂಡು, ಲಾಗಿನ್ ಆದ ಮೇಲೆ ಅದನ್ನು ಮೌಸಿಗೆ ಹಾಕುತ್ತವೆ. ಲ್ಯಾಪ್‌ಟಾಪ್‌ನಲ್ಲಿ ಟಚ್‌ಪ್ಯಾಡ್ ಸಾಫ್ಟ್‌ವೇರ್ ಕೂಡ ಹೀಗೆ ಮಾಡುವುದುಂಟು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅಲ್ಲಿನ ಸ್ಟಾರ್ಟಪ್ ಪಟ್ಟಿಯಲ್ಲಿ ಅದನ್ನು ಡಿಸೇಬಲ್ ಮಾಡಿ ರೀಸ್ಟಾರ್ಟ್ ಕೊಡಿ. ಸರಿಹೋಯಿತೇ? ಹಾಗಾದರೆ ಒಂದೋ ಆ ಸಾಫ್ಟ್‌ವೇರ್ ಒಳಗೇ ನಿಮ್ಮ ಸೆಟ್ಟಿಂಗ್ ಮಾಡಿ, ಇಲ್ಲವೇ ತೆಗೆದುಹಾಕಿ. ಸೊಸೆ ಬಂದ ಮನೆಯಂತೆ ಇಬ್ಬರು ಯಜಮಾನಿಯರನ್ನು ಮಾತ್ರ ಇಟ್ಟುಕೊಳ್ಳಬೇಡಿ.

ನನ್ನ ಕಂಪ್ಯೂಟರಿನಲ್ಲಿ ಇದು ಯಾವುದೂ ಅಲ್ಲ, ಸಿಂಕ್! ಅಂದರೆ ಒಂದು ಕಂಪ್ಯೂಟರಿನ ಸೆಟ್ಟಿಂಗ್ ಇಂಟರ್ನೆಟ್ ಮೂಲಕ ಅದೇ ಅಕೌಂಟಿನ ಇನ್ನೊಂದಕ್ಕೂ ಹೋಗುವುದು. ಮಂಡಿಯಲ್ಲೂ ತೀರ್ಥಹಳ್ಳಿಯ ಮನೆಯಲ್ಲೂ ಒಂದೇ ಮೈಕ್ರೋಸಾಫ್ಟ್ ಅಕೌಂಟ್ ಇತ್ತು. ಸಂಜೆ ಮಗ ಮನೆಯಲ್ಲಿ ಮೌಸನ್ನು ಬಲಗೈಗೆ ತಿರುಗಿಸಿಕೊಂಡರೆ ಅದು ಮಂಡಿಗೂ ಬಂದು ಕೂರುತ್ತಿತ್ತು. ವಿಂಡೋಸ್ 11ರಲ್ಲಿ ‘ಅಕೌಂಟ್ಸ್’, ‘ವಿಂಡೋಸ್ ಬ್ಯಾಕಪ್’, ಅದರಲ್ಲಿ ‘ರಿಮೆಂಬರ್ ಮೈ ಪ್ರಿಫರೆನ್ಸಸ್’ ತೆರೆದು ‘ಅದರ್ ವಿಂಡೋಸ್ ಸೆಟ್ಟಿಂಗ್ಸ್’ ಗುರುತು ತೆಗೆಯಿರಿ. ಎರಡೂ ಕಂಪ್ಯೂಟರಿನಲ್ಲಿ ತೆಗೆಯುವುದು ಒಳ್ಳೆಯದು. ಮಗನಿಗೆ ಬೇರೆ ಅಕೌಂಟ್ ಮಾಡಿಕೊಟ್ಟರೆ ಇನ್ನೂ ಒಳ್ಳೆಯದು.

ಬಾಣದ ಚಿತ್ರ ಮಾತ್ರ ಬದಲಾಗುತ್ತಿದ್ದರೆ ಅದು ಥೀಮ್ (ಪರದೆಯ ಅಲಂಕಾರದ ಸೆಟ್) ಕೆಲಸ. ಮೌಸ್ ಪ್ರಾಪರ್ಟೀಸ್‌ನ ಪಾಯಿಂಟರ್ಸ್ ಪುಟದಲ್ಲಿ ಥೀಮ್‌ಗೆ ಕೊಟ್ಟ ಅನುಮತಿ ತೆಗೆದರೆ ಮುಗಿಯಿತು. ಸೈಬರ್ ಸೆಂಟರಿನಲ್ಲೋ ಕಾಲೇಜ್ ಲ್ಯಾಬಿನಲ್ಲೋ ಹೀಗಾದರೆ ಕಷ್ಟಪಡಬೇಡಿ. ಅಂಥ ಕಡೆ ಡೀಪ್ ಫ್ರೀಜ್ ಥರದ ಸಾಫ್ಟ್‌ವೇರ್ ಹಾಕಿರುತ್ತಾರೆ. ರೀಸ್ಟಾರ್ಟ್ ಆದರೆ ಎಲ್ಲವನ್ನೂ ಮೊದಲಿನಂತೆ ಮಾಡುವುದೇ ಅದರ ಕೆಲಸ. ಇನ್ನು ಮೌಸಿನ ಚಕ್ರದ ಹಿಂದೆ ಇರುವ, ಬಾಣದ ಓಟದ ವೇಗ ಬದಲಿಸುವ ಡಿಪಿಐ ಬಟನ್ ವಿಂಡೋಸಿಗೆ ಸೇರಿದ್ದೇ ಅಲ್ಲ. ಕಡಿಮೆ ಬೆಲೆಯ ಎಷ್ಟೋ ಮೌಸ್‌ಗಳಲ್ಲಿ ಅದನ್ನು ನೆನಪಿಡುವ ಮೆಮೊರಿ ಇರುವುದಿಲ್ಲ. ಹೊಸದು ಕೊಳ್ಳುವಾಗ ‘ಆನ್‌ಬೋರ್ಡ್ ಮೆಮೊರಿ’ ಇದೆಯೇ ಅಂತ ಕೇಳಿ.

ಮಲೆನಾಡಿನವರಿಗೆ ಇನ್ನೊಂದು ಮಾತು. ಮಳೆಗಾಲದಲ್ಲಿ ಕರೆಂಟ್ ಹೇಳಿ ಹೋಗುವುದಿಲ್ಲ. ಬದಲಾವಣೆ ಡಿಸ್ಕ್‌ಗೆ ಪೂರ್ತಿ ಇಳಿಯುವ ಮೊದಲೇ ಕಂಪ್ಯೂಟರ್ ಆರಿದರೆ ಅದು ಉಳಿಯದೇ ಇರಬಹುದು. ಯುಪಿಎಸ್ ಬ್ಯಾಟರಿ ಸತ್ತಿದ್ದರೆ ಜಾಸ್ತಿ ಹೊತ್ತು ಕಾಯಬೇಡಿ: ಸೆಟ್ಟಿಂಗ್ ಮಾಡಿದ ಕೂಡಲೇ ಸೈನ್ ಔಟ್ ಆಗಿ, ಮತ್ತೆ ಒಳಗೆ ಬಂದು ಕೆಲಸ ಶುರು ಮಾಡಿ.