ಇಂಡಕ್ಷನ್ ಒಲೆ ಮನೆಯಲ್ಲಿ ವೆಸ್ತಾ ಪೂಜೆ

ರೋಮನ್ನರ ದೇವತೆಗಳಲ್ಲಿ ನಾನು ನಡೆದುಕೊಳ್ಳುವುದು ವೆಸ್ತಾಗೆ. ಹಾಗಂದ ತಕ್ಷಣ ಎಲ್ಲರೂ ಕೇಳುವುದು, ಮೂರ್ತಿ ಎಲ್ಲಿ ಅಂತ. ಮೂರ್ತಿ ಇಲ್ಲ. ಹಳೇ ರೋಮ್‌ನಲ್ಲೂ ಅವಳ ಗುಡಿಯೊಳಗೆ ಇರಲಿಲ್ಲ. ಕವಿ ಓವಿಡ್ ಕೂಡ ಒಳಗೆ ವಿಗ್ರಹ ಇದೆ ಅಂತ ಬಹಳ ಕಾಲ ನಂಬಿದ್ದನಂತೆ. ಆ ದುಂಡನೆ ಗುಡಿಯಲ್ಲಿ ಇರುವುದು ಬೆಂಕಿ ಒಂದೇ ಅಂತ ಅವನಿಗೆ ಆಮೇಲೆ ಗೊತ್ತಾಯಿತು. ವೀನಸ್‌ಗೋ ಜೂನೋಗೋ ಇರುವಷ್ಟು ಕಥೆಗಳೂ ಇವಳಿಗಿಲ್ಲ. ಒಲೆಯ ಬೆಂಕಿ, ಅಷ್ಟೇ. ನನ್ನನ್ನು ಹಿಡಿದಿಟ್ಟಿದ್ದೂ ಅದೇ.

ನಾನು ಧಾರವಾಡದ ಕಡೆಯವಳು. ಕೆಲಸಕ್ಕೆ ಅಂತ ರೋಮ್‌ಗೆ ಬಂದು ಇಲ್ಲೇ ಉಳಿದೆ. ಹಳೇ ರೋಮನ್ ಧರ್ಮವನ್ನು ಮತ್ತೆ ಆಚರಿಸುವ ಜನ ಇಟಲಿಯಲ್ಲೂ ಇದ್ದಾರೆ, ಹೊರಗೂ ಇದ್ದಾರೆ. ಅಮೆರಿಕದಲ್ಲಿ ‘ನೋವಾ ರೋಮಾ’ ಅನ್ನೋ ಸಂಘಟನೆ 1998ರಲ್ಲೇ ಶುರುವಾಯಿತು. ಆದರೆ ಇದು ಅಜ್ಜಿಯಿಂದ ಮೊಮ್ಮಗಳಿಗೆ ಬಂದ ಪೂಜೆ ಅಂತ ಯಾರೂ ಹೇಳಿಕೊಳ್ಳುವ ಹಾಗಿಲ್ಲ. 382ರಲ್ಲಿ ಚಕ್ರವರ್ತಿ ಗ್ರೇಷಿಯನ್ ಗುಡಿಗೆ ಬರುತ್ತಿದ್ದ ಸರ್ಕಾರಿ ಹಣ ನಿಲ್ಲಿಸಿದ. ಚಕ್ರವರ್ತಿ ಥಿಯೊಡೋಸಿಯಸ್ ಕಾಲ ಮುಗಿಯುವಷ್ಟರಲ್ಲಿ ಬೆಂಕಿಯೂ ಆರಿತು. ನಡುವೆ ಹದಿನಾರು ಶತಮಾನ ಖಾಲಿ. ನಾವು ಮಾಡುವುದೆಲ್ಲ ಹಳೇ ಬರಹ, ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಪಾಂಪೇ ಊರಿನ ಗೋಡೆಚಿತ್ರ, ಶಾಸನ ನೋಡಿ ಜೋಡಿಸಿಕೊಂಡದ್ದು.

ವೆಸ್ತಾ ಅಂದ ಕೂಡಲೇ ಜನರಿಗೆ ನೆನಪಾಗುವುದು ಅವಳ ಗುಡಿಯ ಬೆಂಕಿ ಕಾಯುತ್ತಿದ್ದ ವೆಸ್ಟಲ್ ಕನ್ಯೆಯರು. ಆರು ಜನ. ಆರರಿಂದ ಹತ್ತು ವರ್ಷದೊಳಗೆ ಆಯ್ಕೆಯಾಗಿ ಮೂವತ್ತು ವರ್ಷ ಸೇವೆ: ಹತ್ತು ವರ್ಷ ಕಲಿಯುವುದು, ಹತ್ತು ವರ್ಷ ಮಾಡುವುದು, ಹತ್ತು ವರ್ಷ ಕಲಿಸುವುದು. ಹೊಸದಾಗಿ ಈ ದಾರಿಗೆ ಬಂದವರಲ್ಲಿ ಕೆಲವರು ಬಿಳಿ ಬಟ್ಟೆ ಉಟ್ಟು ತಾವೂ ವೆಸ್ಟಲ್ ಆಗಲು ಹೊರಡುತ್ತಾರೆ. ನನಗದು ಒಪ್ಪುವುದಿಲ್ಲ. ಅವರು ಕಾಯುತ್ತಿದ್ದದ್ದು ಇಡೀ ನಗರದ ಒಲೆ. ನನ್ನದು ಎರಡು ಕೋಣೆಯ ಬಾಡಿಗೆ ಮನೆ. ನನಗೆ ಬೇಕಾದ ಮಾದರಿ ಹಳೇ ರೋಮನ್ ಲೇಖಕ ಕೇಟೊ ಬೇಸಾಯದ ಬಗ್ಗೆ ಬರೆದ ಪುಸ್ತಕದಲ್ಲಿ ಸಿಕ್ಕಿತು. ತೋಟದ ಮನೆ ನೋಡಿಕೊಳ್ಳುವ ಹೆಂಗಸು ರಾತ್ರಿ ಮಲಗುವ ಮುಂಚೆ ದಿನಾ ಒಲೆಯ ಸುತ್ತ ಗುಡಿಸಿ ಚೊಕ್ಕ ಮಾಡಬೇಕು, ತಿಂಗಳ ಮುಖ್ಯ ದಿನಗಳಲ್ಲಿ ಒಲೆಗೆ ಮಾಲೆ ಹಾಕಬೇಕು ಅನ್ನುತ್ತಾನೆ. ನನ್ನ ಆಚರಣೆ ನಿಂತಿರುವುದು ಇದರ ಮೇಲೆ.

ರಾತ್ರಿ ಪಾತ್ರೆ ತೊಳೆದಾದ ಮೇಲೆ ಒಲೆ ಒರೆಸುತ್ತೇನೆ. ಹಾಲು ಉಕ್ಕಿ ಕಂದಿದ ಕಲೆ, ಒಗ್ಗರಣೆ ಸಿಡಿದ ಸಾಸಿವೆ ಕಾಳು, ಯಾವುದೂ ಬೆಳಗಿನವರೆಗೆ ಇರಬಾರದು. ಸುಮ್ನೆ ಮನೆಗೆಲಸ ಅನ್ನಿಸಬಹುದು. ವೆಸ್ತಾಗೆ ಮಾಡುವುದರಲ್ಲಿ ಮುಕ್ಕಾಲು ಪಾಲು ಇದೇ.

ಆದರೆ ಒಲೆ ಇಂಡಕ್ಷನ್ನು. ಬೆಂಕಿ ಎಲ್ಲಿಂದ ತರುವುದು? ಬ್ಯಾಟರಿ ಮೇಣದಬತ್ತಿ ಸಾಕು ಅನ್ನುವವರಿದ್ದಾರೆ, ಅವರ ಮನೆಯಲ್ಲಿ ಹೊಗೆ ಅಲಾರಂ ಕಾಟ ಇರಬಹುದು. ನನಗೆ ಮಾತ್ರ ಬೆಂಕಿಯೇ ಇಲ್ಲದ ವೆಸ್ತಾ ಅರ್ಥವಾಗುವುದಿಲ್ಲ. ಒಲೆಯ ಪಕ್ಕದ ಕಟ್ಟೆಯಲ್ಲಿ ಒಂದು ಮಣ್ಣಿನ ದೀಪ ಇಟ್ಟಿದ್ದೇನೆ. ಹತ್ತಿ ಬತ್ತಿ, ಆಲಿವ್ ಎಣ್ಣೆ. ರೋಮನ್ನರೂ ದೀಪಕ್ಕೆ ಹಾಕುತ್ತಿದ್ದದ್ದು ಅದೇ ಎಣ್ಣೆ. ಊರಿಂದ ತಂದ ಹಿತ್ತಾಳೆ ದೀಪ ಮನೆಯಲ್ಲಿತ್ತು. ಅದು ಬೇರೆ ದೇವರ ಜಗಲಿಯದು, ಹಾಗಾಗಿ ಇದಕ್ಕೆ ತೆಗೆಯಲಿಲ್ಲ.

ಬೆಳಿಗ್ಗೆ ಕೈ ತೊಳೆದು, ತಲೆ ಮೇಲೆ ದುಪಟ್ಟಾ ಹೊದ್ದು ದೀಪ ಹಚ್ಚುತ್ತೇನೆ. ರೋಮನ್ ಪದ್ಧತಿಯಲ್ಲಿ ದೇವರಿಗೆ ಅರ್ಪಿಸುವಾಗ ಗಂಡಸರೂ ತಲೆ ಮುಚ್ಚಿಕೊಳ್ಳುತ್ತಿದ್ದರು. ಮೊದಲ ಮಾತು ಬಾಗಿಲ ದೇವರಾದ ಜೇನಸ್‌ಗೆ. ಕೊನೆಯದು ವೆಸ್ತಾಗೆ. ಪ್ರಾರ್ಥನೆ ಅವಳಲ್ಲೇ ಮುಗಿಯಬೇಕು ಅಂತ ರೋಮನ್ ವಾಗ್ಮಿ ಸಿಸೆರೊ ಬರೆದಿದ್ದಾನೆ. ಹೆಸರುಗಳನ್ನು ಲ್ಯಾಟಿನ್‌ನಲ್ಲಿ ಕರೆದು ಉಳಿದದ್ದನ್ನು ಕನ್ನಡದಲ್ಲೇ ಹೇಳುತ್ತೇನೆ. ವರ ಕೇಳುವುದಿಲ್ಲ. “ಈ ಮನೆಯ ಬೆಂಕಿ ನಿನ್ನದು, ಇವತ್ತೂ ಇರು” ಅಂತ ಅಷ್ಟೇ. ಕೆಲಸಕ್ಕೆ ಹೊರಡುವ ಮುಂಚೆ ದೀಪ ಶಾಂತ ಮಾಡುತ್ತೇನೆ. ರೋಮ್‌ನ ಬೆಂಕಿಗೆ ರಾತ್ರಿ ಹಗಲು ಕಾವಲಿತ್ತು, ನನ್ನ ಮನೆಯಲ್ಲಿ ಕಾಯುವವರಿಲ್ಲ. ಉರಿಯುವ ದೀಪ ಬಿಟ್ಟು ಬೀಗ ಹಾಕಿ ಹೋಗುವುದು ಭಕ್ತಿಯಲ್ಲ.

ಮಾರ್ಚ್ 1ಕ್ಕೆ ಹೊಸ ಬತ್ತಿ, ಹೊಸ ಎಣ್ಣೆ, ಹೊಸ ಬೆಂಕಿ. ಹಳೇ ರೋಮನ್ ವರ್ಷ ಶುರುವಾಗುತ್ತಿದ್ದ ಆ ದಿನ ಗುಡಿಯ ಬೆಂಕಿಯನ್ನೂ ಹೊಸದು ಮಾಡುತ್ತಿದ್ದರು. ನಡುವೆ ಎಂದಾದರೂ ಆರಿದರೆ ಶುಭವಾದ ಮರದ ಹಲಗೆ ಉಜ್ಜಿ ಕಿಡಿ ತೆಗೆದು, ಕಂಚಿನ ಜರಡಿಯಲ್ಲಿ ಒಳಗೆ ಒಯ್ಯುತ್ತಿದ್ದರು. ನಾನು ಬೆಂಕಿಕಡ್ಡಿ ಗೀರುತ್ತೇನೆ. ಅದೂ ಉಜ್ಜಿದರೇ ಹತ್ತುವುದು, ಅಲ್ವಾ?

ನನಗೆ ತುಂಬಾ ಖುಷಿ ಕೊಡುವ ಕೆಲಸ ಅಂದರೆ ‘ಮೋಲಾ ಸಾಲ್ಸಾ’ ಮಾಡುವುದು. ಉಪ್ಪು ಸೇರಿಸಿದ ಹುರಿದ ಹಿಟ್ಟು ಇದು. ರೋಮ್‌ನ ಸರ್ಕಾರಿ ಪೂಜೆಗಳಲ್ಲಿ ಬಲಿಯ ಮೇಲೆ ಇದನ್ನು ಉದುರಿಸುತ್ತಿದ್ದರು. ಮಾಡುತ್ತಿದ್ದದ್ದು ವೆಸ್ಟಲ್‌ಗಳೇ. ಹಿರಿಯ ಮೂವರು ಮೇ 7ರಿಂದ 14ರವರೆಗೆ ದಿನ ಬಿಟ್ಟು ದಿನ ತೆನೆ ತಂದು, ಹುರಿದು, ಕುಟ್ಟಿ, ಬೀಸಿ ಇಡುತ್ತಿದ್ದರು. ಅದಕ್ಕೆ ಉಪ್ಪು ಬೆರೆಸುತ್ತಿದ್ದದ್ದು ವರ್ಷಕ್ಕೆ ಮೂರು ಸಲ.

ಧಾನ್ಯ ಎಮ್ಮರ್ ಗೋಧಿ. ಇಟಲಿಯ ಅಂಗಡಿಗಳಲ್ಲಿ ‘ಫಾರ್ರೊ’ ಅಂತ ಸಿಗುತ್ತದೆ. ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ ಕಡೆ ಬೆಳೆಯುವ ಖಪ್ಲಿ ಗೋಧಿ, ಅಂದರೆ ಸದಕ, ಇದೇ ಜಾತಿಯದು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಡಿಡಿಕೆ 1025, ಡಿಡಿಕೆ 1029 ಅಂತ ಇದರ ತಳಿಗಳನ್ನೇ ಬಿಟ್ಟಿದೆ. ಹುಗ್ಗಿ ಮಾಡುವ ಗೋಧಿ ಇಲ್ಲಿ ದೇವತೆಗೆ ಬೇಕಾದ ಗೋಧಿ ಅಂತ ತಿಳಿದಾಗ ಒಬ್ಬಳೇ ಕೂತು ನಕ್ಕಿದ್ದೆ. ಪಾಲಿಶ್ ಮಾಡಿದ ಕಾಳು ಕೊಳ್ಳುವುದಿಲ್ಲ. ಅದು ಬೇಗ ಬೇಯುತ್ತದೆ, ಆದರೆ ಹುರಿದರೆ ಅಷ್ಟು ಘಮ ಬರುವುದಿಲ್ಲ. ಕಂದು ಹೊರಪದರ ಇರುವ ಕಾಳನ್ನೇ ತಂದು ಕಬ್ಬಿಣದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿಯುತ್ತೇನೆ. ಮೊದಲು ಹಸಿ ವಾಸನೆ ಹೋಗುತ್ತದೆ. ಆಮೇಲೆ ಒಂದೊಂದೇ ಕಾಳು ಚಟ್ ಅನ್ನುತ್ತದೆ. ಅಲ್ಲಿಗೆ ಇಳಿಸಿ, ಕುಟ್ಟಾಣಿಯಲ್ಲಿ ಕುಟ್ಟಿ ತರಿಯಾದ ಹಿಟ್ಟು ಮಾಡಿಕೊಳ್ಳುತ್ತೇನೆ.

ಉಪ್ಪಿನ ಕೆಲಸ ಜಾಸ್ತಿ. ವೆಸ್ಟಲ್‌ಗಳು ಉಪ್ಪನ್ನು ಕುಟ್ಟಿ ಮಣ್ಣಿನ ಗಡಿಗೆಗೆ ತುಂಬಿ, ಬಾಯಿಗೆ ಜಿಪ್ಸಂ ಮೆತ್ತಿ ಒಲೆಯಲ್ಲಿ ಬೇಯಿಸುತ್ತಿದ್ದರು. ಗಟ್ಟಿಯಾದ ಆ ಉಪ್ಪನ್ನು ಕಬ್ಬಿಣದ ಗರಗಸದಿಂದ ಕೊಯ್ಯಬೇಕಿತ್ತು. ನಾನು ತೇವ ಇರುವ ದಪ್ಪ ಸಮುದ್ರದ ಉಪ್ಪು ತಗೊಂಡು, ಪುಟ್ಟ ಗಡಿಗೆಯ ಬಾಯಿಗೆ ಕಣಕ ಮೆತ್ತಿ ಓವನ್‌ನಲ್ಲಿಡುತ್ತೇನೆ. ಹೆಂಟೆಗಟ್ಟಿ ಹೊರಬರುತ್ತದೆ. ಗರಗಸ ಬೇಡ, ಕುಟ್ಟಾಣಿ ಸಾಕು. ಅದಕ್ಕೆ ನೀರು ಬೆರೆಸಬೇಕು. ಕೊಳವೆಯಲ್ಲಿ ಬಂದ ನೀರು ಒಂದು ಬಿಟ್ಟು ಯಾವ ನೀರಾದರೂ ಆಗುತ್ತದೆ ಅನ್ನೋದು ಹಳೇ ನಿಯಮ. ರೋಮ್‌ನ ಬೀದಿ ಬೀದಿಯಲ್ಲಿ ನೀರು ಸುರಿಯುತ್ತಲೇ ಇರುತ್ತದೆ, ಅಷ್ಟೂ ಕೊಳವೆ ನೀರು. ಬಾಟಲಿ ನೀರೂ ಕಾರ್ಖಾನೆಯ ಕೊಳವೆ ದಾಟಿಯೇ ಬಂದಿರುತ್ತದೆ. ಅದಕ್ಕೇ ಬಾಲ್ಕನಿಯಲ್ಲಿ ಬೋಗುಣಿ ಇಟ್ಟು ಮಳೆ ನೀರು ಹಿಡಿಯುತ್ತೇನೆ.

ಕೇಟೊ ಹೇಳುವ ಆ ಮುಖ್ಯ ದಿನಗಳು ತಿಂಗಳಲ್ಲಿ ಮೂರು, ಅಂದರೆ 1ನೇ ತಾರೀಖು, ಆಮೇಲೆ ತಿಂಗಳಿಗೆ ತಕ್ಕ ಹಾಗೆ 5 ಅಥವಾ 7, 13 ಅಥವಾ 15. ಆ ದಿನಗಳಲ್ಲಿ ಒಲೆಯ ಮೇಲಿನ ಕೊಕ್ಕೆಗೆ ರೋಸ್‌ಮೇರಿಯದೋ ಬೇಲಿ ಹೂವಿನದೋ ಸಣ್ಣ ಮಾಲೆ ಹಾಕುತ್ತೇನೆ. ಬಾಲ್ಕನಿಯಲ್ಲಿ ಕಬ್ಬಿಣದ ಬಟ್ಟಲಿಗೆ ಒಂದಿಷ್ಟು ಕೆಂಡ. ಅದರ ಮೇಲೆ ಚಿಟಿಕೆ ಮೋಲಾ ಸಾಲ್ಸಾ ಬಿದ್ದರೆ ಉಪ್ಪು ಚಟಚಟ ಸಿಡಿದು ಸೀದ ರೊಟ್ಟಿಯ ವಾಸನೆ ಏಳುತ್ತದೆ. ಬೆಂಕಿಗೆ ಕೊಟ್ಟದ್ದು ಬೆಂಕಿಗೇ. ಪ್ರಸಾದ ಅಂತ ವಾಪಸ್ ಬರುವುದು ಏನೂ ಇಲ್ಲ. ಇದಕ್ಕೆ ಹೊಂದಿಕೊಳ್ಳಲು ನನಗೆ ಕಾಲ ಹಿಡಿಯಿತು.

ಅವ್ವ ವಿಡಿಯೊ ಕಾಲ್‌ನಲ್ಲಿ ಇದನ್ನೆಲ್ಲ ನೋಡಿ, “ದೀಪಾ ಹಚ್ಚೂದು ನಮ್ಮ ಮನ್ಯಾಗೂ ಐತಲ್ಲವಾ, ಅದಕ್ಕ ರೋಮಿನ ದೇವ್ರು ಯಾಕ ಬೇಕು?” ಅಂದಳು. “ಈ ನೆಲದ ಒಲಿ ಇಕೀದ ಬೇ” ಅಂದೆ. “ಹಂಗಾರ ಒಲಿ ಚೊಕ್ಕ ಇಡು, ಆತು” ಅಂದು ಬೇರೆ ಮಾತಿಗೆ ಹೋದಳು. ಕೇಟೊ ಹೇಳಿದ್ದೂ ಬೇರೆ ಏನಲ್ಲ. ಅಗ್ನಿಯೇ ವೆಸ್ತಾ ಅಂತ ಕಲಸುವುದು ಮಾತ್ರ ನನಗೆ ಹಿಡಿಸುವುದಿಲ್ಲ. ಅಗ್ನಿ ಹವಿಸ್ಸನ್ನು ಬೇರೆ ದೇವರಿಗೆ ಹೊತ್ತೊಯ್ಯುವವನು. ವೆಸ್ತಾ ಎಲ್ಲಿಗೂ ಹೋಗುವುದಿಲ್ಲ, ಮನೆಯಲ್ಲೇ ಇರುವವಳು.

ವರ್ಷದ ದೊಡ್ಡ ಹಬ್ಬ ವೆಸ್ತಾಲಿಯಾ, ಅದರ ಮುಖ್ಯ ದಿನ ಜೂನ್ 9. ಬೇರೆ ದಿನ ಮುಚ್ಚಿರುತ್ತಿದ್ದ ಗುಡಿಯ ಒಳಕೋಣೆಗೆ ಆಗ ಗೃಹಿಣಿಯರು ಬರಿಗಾಲಲ್ಲಿ ಹೋಗುತ್ತಿದ್ದರು. ಅದು ಬ್ರೆಡ್ ಸುಡುವವರ ಹಬ್ಬವೂ ಹೌದು. ಬೀಸುಕಲ್ಲು ತಿರುಗಿಸುವ ಕತ್ತೆಗಳಿಗೆ ಅಂದು ರಜೆ, ಕೊರಳಿಗೆ ಬ್ರೆಡ್ಡಿನ ಹಾರ. ನಾನು ಅಂದು ಚಪ್ಪಲಿ ಇಲ್ಲದೆ ಅಡುಗೆ ಮಾಡುತ್ತೇನೆ, ಫಾರ್ರೊ ಹಿಟ್ಟಿನ ಬ್ರೆಡ್ ಸುಟ್ಟು ಮೊದಲ ತುಂಡನ್ನು ಶುಚಿಯಾದ ತಟ್ಟೆಯಲ್ಲಿ ತಂದು ಕೆಂಡಕ್ಕೆ ಹಾಕುತ್ತೇನೆ. ಬಿಡುವಿದ್ದರೆ ವೆಸ್ತಾಳ ಗುಡಿಯಿದ್ದ ಫೋರಂಗೂ, ಅಂದರೆ ಹಳೇ ರೋಮ್‌ನ ನಡು ಚೌಕಕ್ಕೂ, ಹೋಗುತ್ತೇನೆ. ಗುಡಿಯದು ಅಂತ ಈಗ ಕಾಣುವುದು 1930ರ ದಶಕದಲ್ಲಿ ಮತ್ತೆ ಎತ್ತಿ ನಿಲ್ಲಿಸಿದ ಒಂದು ಪಾಲು ಮಾತ್ರ. ಪಕ್ಕದ ವೆಸ್ಟಲ್‌ಗಳ ಮನೆಯ ಅಂಗಳದಲ್ಲಿ 364ನೇ ಇಸವಿಯ ಒಂದು ಪೀಠವಿದೆ. ಅದರ ಮೇಲಿದ್ದ ವೆಸ್ಟಲ್ ಒಬ್ಬಳ ಹೆಸರನ್ನು ಕೆತ್ತಿ ಅಳಿಸಿದ್ದಾರೆ, ‘ಸಿ’ ಅಕ್ಷರ ಒಂದು ಉಳಿದಿದೆ. ಅವಳು ಕ್ರೈಸ್ತಳಾದಳೇನೋ ಅಂತ ಊಹೆ. ಅಲ್ಲಿ ಕಡ್ಡಿ ಗೀರುವ ಹಾಗಿಲ್ಲ. ಪೀಠದ ಮುಂದೆ ಒಂದು ಗಳಿಗೆ ನಿಂತು ಬರುತ್ತೇನೆ.

ಜೂನ್ 15ಕ್ಕೆ ಹಬ್ಬ ಮುಗಿಯುತ್ತಿದ್ದದ್ದು ಕಸದಿಂದ. ಗುಡಿ ಗುಡಿಸಿ ಕಸ ಹೊರಗೆ ಒಯ್ಯಬೇಕು, ಆಮೇಲೆಯೇ ಊರಿನ ಮಾಮೂಲಿ ವ್ಯವಹಾರ ಶುರು. ಓವಿಡ್ ಪ್ರಕಾರ ಆ ಕಸ ಟೈಬರ್ ನದಿಗೆ. ನಾನು ಅಂದು ಚಿಮಣಿಯ ಜಾಲರಿ ಬಿಚ್ಚಿ, ಬಿಸಿನೀರು, ಅಡುಗೆ ಸೋಡಾದಲ್ಲಿ ನೆನೆಸಿ, ವರ್ಷದ ಜಿಡ್ಡು ಉಜ್ಜಿ ತೆಗೆಯುತ್ತೇನೆ. ಒಲೆ ಹಿಂದಿನ ಸಂದಿಯಲ್ಲಿ ಕಾಫಿ ಪುಡಿ, ಒಣಗಿದ ಕರಿಬೇವು ಸಿಗುತ್ತದೆ. ಟೈಬರ್‌ಗೆ ಎಸೆದರೆ ದಂಡ. ಹಾಗಾಗಿ ಹಸಿ ಕಸದ ಡಬ್ಬಿಗೆ.