ಚಕ್ಕುಬಂದಿ ಹಿಡಿದು ಸಾಲುಮನೆಯ ಚರಿತ್ರೆ ತೆಗೆದೆ: ನನ್ನ ಅನುಭವ

ಹಳೆ ಡೋರ್ ನಂಬರ್ ಗೊತ್ತಿಲ್ಲದೆ ಮನೆಯ ಚರಿತ್ರೆ ತೆಗೆಯೋಕೆ ಆಗೋದೇ ಇಲ್ಲ ಅಂತ ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಪತ್ರ ಬರೆಯುವವರು ಹೇಳಿದರು, ಸರ್ವೆಯವರು ಹೇಳಿದರು, ನನ್ನ ಹಾಗೇ ಹಳೆ ದಾಖಲೆ ಹುಡುಕುವ ಗೆಳೆಯರೂ ಹೇಳಿದರು. ಈಗ ಶಿವಮೊಗ್ಗದ ಗಾಂಧಿ ಬಜಾರಿನ ಹಿಂದಿನ ಒಂದು ಕೇರಿಯಲ್ಲಿ, ಗೋಡೆಗೆ ಗೋಡೆ ಹತ್ತಿಸಿ ಕಟ್ಟಿದ ಐದು ಮನೆಗಳಲ್ಲಿ 1930ರ ದಶಕದಿಂದ ಇವತ್ತಿನ ತನಕ ಯಾರ್ಯಾರು ಇದ್ದರು ಅನ್ನುವ ಪಟ್ಟಿ ನನ್ನ ಹತ್ತಿರ ಇದೆ. ನಾನಿರುವುದು ಮೂರನೇ ಮನೆಯಲ್ಲಿ. ಹೇಗೆ ಮಾಡಿದಿರಿ ಅಂತ ಕೇಳುವವರು ಜಾಸ್ತಿ ಆಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ಇ.ಸಿ. ಅಂದರೆ ಸ್ವತ್ತಿನ ಮೇಲೆ ಆದ ವ್ಯವಹಾರಗಳ ಪಟ್ಟಿ ತೆಗೆಸುವುದು, ನಕಲಿಗೆ ಅರ್ಜಿ ಹಾಕುವುದು ಇದೆಲ್ಲ ನಿಮಗೆ ಗೊತ್ತಿರುವುದೇ, ಅದನ್ನು ಬಿಡುತ್ತೇನೆ.

ಮೊದಲು ದುಡ್ಡು ಹೋದ ಕಥೆ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ನನಗೆ ಸಿಕ್ಕಿದ್ದು 2004ರ ಏಪ್ರಿಲ್‌ನಿಂದ ಈಚೆಗಿನದು. ಅದರ ಹಿಂದಿನದಕ್ಕೆ ಒಬ್ಬ ಏಜೆಂಟರನ್ನು ಹಿಡಿದೆ. ನಾಲ್ಕು ಸಾವಿರದ ಹತ್ತಿರ ಕೊಟ್ಟೆ. ಅವರು ತಂದುಕೊಟ್ಟದ್ದು ಫಾರಂ 16! ಅಂದರೆ ಈ ಸ್ವತ್ತಿನ ಮೇಲೆ ಯಾವ ವ್ಯವಹಾರವೂ ಆಗಿಲ್ಲ ಅಂತ. ತೊಂಬತ್ತು ವರ್ಷದ ಮನೆ ಒಂದು ಸಲವೂ ಕೈ ಬದಲಾಗಿಲ್ಲವಂತೆ. ಅವರು ಹುಡುಕಿದ್ದು ಈಗಿನ ನಂಬರಿನಲ್ಲಿ. ನಮ್ಮ ಸಾಲಿಗೆ ನಂಬರು ಮೂರು ಸಲವಾದರೂ ಬದಲಾಗಿದೆ, ಪುರಸಭೆ ಕಾಲದ್ದೇ ಒಂದು, ನಗರಸಭೆಯದು ಒಂದು, ಪಾಲಿಕೆ ಆದ ಮೇಲೆ ಇನ್ನೊಂದು. ಆಮೇಲೆ ಹಳೆ ಕಂದಾಯದ ಡಿಮ್ಯಾಂಡ್ ರಿಜಿಸ್ಟರ್ ಬೆನ್ನು ಹತ್ತಿದೆ. ಅಲ್ಲಿ ಎರಡು ಸಾವಿರ ಹೋಯಿತು. ಬೇಕಾದ ಸಂಪುಟಗಳನ್ನು ಗೆದ್ದಲು ತಿಂದಿತ್ತು, ಉಳಿದವು ನಮ್ಮ ಮಳೆಗಾಲದ ತಂಡಿಗೆ ಹಾಳೆಗೆ ಹಾಳೆ ಅಂಟಿಕೊಂಡಿದ್ದವು. ನಗರದ ಆಸ್ತಿ ಮಾಲೀಕತ್ವದ ದಾಖಲೆ, ಯುಪಿಒಆರ್ ಕಾರ್ಡು, ಇದೆಯಲ್ಲ ಅನ್ನುತ್ತಾರೆ. ಅದು ಈಗಿನ ಮಾಲೀಕರನ್ನು ಹೇಳುತ್ತದೆ, ಹಿಂದಿನವರನ್ನಲ್ಲ.

ದಾರಿ ಸಿಕ್ಕಿದ್ದು ನಾಲ್ಕನೇ ಮನೆಯವರಿಂದ. ಸಾಲಕ್ಕೆ ಬ್ಯಾಂಕಿನವರು ಮೂಲಪತ್ರ ಕೇಳಿದ್ದರು. 1951ರ ಕ್ರಯಪತ್ರದ ಕೈಬರಹ ಅರ್ಥವಾಗದೆ ನನ್ನ ಹತ್ತಿರ ತಂದರು. ಅದರ ಚಕ್ಕುಬಂದಿಯಲ್ಲಿ, ಅಂದರೆ ನಾಲ್ಕು ದಿಕ್ಕಿಗೆ ಯಾರ ಜಾಗ ಇದೆ ಅನ್ನುವ ವಿವರದಲ್ಲಿ, ಪೂರ್ವಕ್ಕೆ ಅಂತ ಬರೆದು, ‘ಹಿಂದೆ ಅಡಿಕೆ ಮಂಡಿ ಸಾಹುಕಾರರದು, ಹಾಲಿ ರೈಲ್ವೆ ಗುಮಾಸ್ತರ ಮನೆ’ ಅಂತ ಹೆಸರು ಸಮೇತ ಇತ್ತು. ಅವರ ಪೂರ್ವಕ್ಕೆ ಇರುವುದು ನನ್ನ ಮನೆ! ನನ್ನ ಪತ್ರಗಳಲ್ಲಿ ಎಲ್ಲೂ ಸಿಗದಿದ್ದ ಇಬ್ಬರ ಹೆಸರು ಪಕ್ಕದವರ ಪತ್ರದಲ್ಲಿ ಕೂತಿತ್ತು.

ಅಲ್ಲಿಂದ ನನ್ನ ಮನೆಯನ್ನು ಹುಡುಕುವುದನ್ನೇ ಬಿಟ್ಟೆ. ಸಾಲುಮನೆಯಲ್ಲಿ ಪ್ರತಿ ಮನೆಯ ಹೆಸರೂ ಎಡಬಲದ ಎರಡು ಮನೆಗಳ ಪತ್ರದಲ್ಲಿ ಬರಲೇಬೇಕು, ಅಲ್ವಾ? ಬಿಡಿ ಮನೆಗೆ ಈ ಅನುಕೂಲ ಇಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಎಲ್ಲರೂ ಸ್ವತ್ತಿನ ಇಂಡೆಕ್ಸ್ ಅಂದರೆ ಎರಡನೇದನ್ನು ತಿರುವುತ್ತಾರೆ. ನಾನು ಹೆಸರಿನ ಇಂಡೆಕ್ಸ್, ಒಂದನೇದು, ಹಿಡಿದೆ. ಒಂದು ಹೆಸರು ಸಿಕ್ಕರೆ ಅವರ ಪತ್ರ, ಅದರ ಚಕ್ಕುಬಂದಿಯಲ್ಲಿ ಇನ್ನೆರಡು ಹೆಸರು, ಮತ್ತೆ ಇಂಡೆಕ್ಸ್. ತೋರಿಸಲ್ಲ ಅಂದರೆ 1908ರ ನೋಂದಣಿ ಕಾಯ್ದೆಯ 57ನೇ ಕಲಂ ಹೇಳಿ. ಶುಲ್ಕ ಕಟ್ಟಿದ ಯಾರೇ ಆದರೂ ಸ್ಥಿರಾಸ್ತಿ ಪತ್ರಗಳಿರುವ ಒಂದನೇ ಪುಸ್ತಕವನ್ನೂ ಅದರ ಇಂಡೆಕ್ಸನ್ನೂ ನೋಡಬಹುದು. ವಿಲ್ಲುಗಳಿರುವ ಮೂರನೇ ಪುಸ್ತಕಕ್ಕೆ ಮಾತ್ರ ಸುಮ್ನೆ ಹಟ ಮಾಡಬೇಡಿ.

ಶುರು ಮಾಡುವುದು ಕೊನೆಯ ಮನೆಯಿಂದ. ಅದಕ್ಕೆ ಒಂದು ಕಡೆ ಓಣಿ ಇರುತ್ತದೆ. ಮಾಲೀಕರು ಎಷ್ಟೇ ಬದಲಾಗಲಿ, ಓಣಿ ಓಣಿಯೇ. ಅದು ಗಟ್ಟಿಯಾದರೆ ಉಳಿದ ನಾಲ್ಕು ಮನೆ ಸಾಲಾಗಿ ಬಂದು ಕೂರುತ್ತವೆ.

ಒಂದು ಎಚ್ಚರಿಕೆ. ಪತ್ರ ಬರೆಯುವವರು ಹಳೆ ಪತ್ರದ ಚಕ್ಕುಬಂದಿಯನ್ನು ಹಾಗೇ ನಕಲು ಹೊಡೆಯುತ್ತಾರೆ. ಸತ್ತು ಇಪ್ಪತ್ತು ವರ್ಷ ಆದವರ ಹೆಸರೂ ಪಕ್ಕದ ಮನೆಯವರಾಗಿ ಬರುತ್ತದೆ. ಮಾತು, ಅಕ್ಷರ, ಕಾಗುಣಿತದ ತಪ್ಪು ಸಮೇತ ಹಿಂದಿನ ಪತ್ರದಂತೆಯೇ ಇದ್ದರೆ ನಾನು ಲೆಕ್ಕಕ್ಕೆ ತಗೊಳ್ಳುವುದಿಲ್ಲ. ‘ಹಿಂದೆ, ಹಾಲಿ’ ಅಂತ ಇದ್ದರೆ ಮಾತ್ರ ನಂಬುತ್ತೇನೆ, ಯಾಕಂದರೆ ಅಲ್ಲಿ ಯಾರೋ ನಿಜವಾಗಿ ಕೇಳಿ ಬರೆದಿದ್ದಾರೆ. ಮಾಸಿದ ಶಾಯಿ ಓದಲು ನನ್ನದೇ ಒಂದು ಉಪಾಯ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ನೋಂದಣಿ ಆಗದ ಕಾಗದಗಳದ್ದು ಬೇರೆ ಕಷ್ಟ. ನಾಲ್ಕನೇ ಮನೆಯವರ ಪೆಟ್ಟಿಗೆಯಲ್ಲಿ ಒಂದು ಪಾಲುಪಟ್ಟಿ ಸಿಕ್ಕಿತು, ಅಣ್ಣತಮ್ಮಂದಿರದು. ಯುವ ಸಂವತ್ಸರ ಅಂತಷ್ಟೇ ಇದೆ, ಅದು ಅರವತ್ತು ವರ್ಷಕ್ಕೊಮ್ಮೆ ಬರುತ್ತದೆ. ಅದು 1935-36 ಆಗಬಹುದು, 1875-76 ಕೂಡ ಆಗಬಹುದು. ಪಾಲಿನಲ್ಲಿ ರೈಲ್ವೆ ಸ್ಟೇಷನ್ ಹತ್ತಿರದ ಒಂದು ಜಾಗ ಬರುತ್ತದೆ. ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ಅಲ್ಲಿಗೆ ಮುಗಿಯಿತು, 1935.

ಆ ಪಾಲುಪಟ್ಟಿ ನಿಜ ಅಂತ ಗೋಡೆಯೇ ಹೇಳಿತು. ಸುಣ್ಣದ ಪದರ ಎಣಿಸಿ ವರ್ಷ ಹೇಳಬಹುದೇನೋ ಅಂತ ನಡುಗೋಡೆಯನ್ನು ಕೆರೆದು ನೋಡುತ್ತಿದ್ದೆ. ನೀಲಿ, ಅದರ ಕೆಳಗೆ ಹಸಿರು, ಅದರ ಕೆಳಗೆ ಬಿಳಿ. ವರ್ಷವೇನೂ ಸಿಗಲಿಲ್ಲ. ಆದರೆ ಮುಚ್ಚಿದ ಬಾಗಿಲಿನ ಚೌಕಟ್ಟು ಸಿಕ್ಕಿತು. ಮೂರು ಮತ್ತು ನಾಲ್ಕು ಪಾಲಾಗುವ ಮೊದಲು ಒಂದೇ ಮನೆ, ಮಂಡಿ ಸಾಹುಕಾರರದು! ಹೆಂಚನ್ನೂ ಇಳಿಸಿ ನೋಡಿದೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಶುರು ಮಾಡಿದ ಕಾರ್ಖಾನೆ ಮೊದಲ ಮಹಾಯುದ್ಧದ ನಂತರ ಕಾಮನ್‌ವೆಲ್ತ್ ಟ್ರಸ್ಟಿಗೆ ಹೋಯಿತು, ಹೆಂಚಿನ ಮೇಲಿನ ಮುದ್ರೆಯೂ ಬದಲಾಯಿತು. ನಮ್ಮಲ್ಲಿ ಎರಡೂ ಬೆರೆತಿವೆ. ಹಳೆ ಹೆಂಚನ್ನು ಜನ ಬಿಸಾಡುವುದಿಲ್ಲ, ಹೊಸ ಮಾಡಿಗೆ ಹಾಕುತ್ತಾರೆ, ಹಾಗಾಗಿ ಹೆಂಚು ನೋಡಿ ಮನೆಯ ವಯಸ್ಸು ಹೇಳುವವರನ್ನು ನಂಬಬೇಡಿ.

ಬಾಡಿಗೆಯವರನ್ನು ಹಿಡಿಯುವುದೇ ಎಲ್ಲಕ್ಕಿಂತ ಕಷ್ಟ. ಕ್ರಯಪತ್ರದಲ್ಲಿ ಅವರಿಲ್ಲ. ರೈಲ್ವೆ ಗುಮಾಸ್ತರ ಮಕ್ಕಳು ನನ್ನ ಮನೆಯನ್ನು ಅಣೆಕಟ್ಟಿನ ನೀರಿಗೆ ಊರು ಕಳೆದುಕೊಂಡ ಒಂದು ಮುಳುಗಡೆ ಕುಟುಂಬಕ್ಕೆ ಬಾಡಿಗೆಗೆ ಕೊಟ್ಟಿದ್ದರು. ಆ ಮನೆಯ ಅಜ್ಜಿ ಈಗ ವಿನೋಬನಗರದಲ್ಲಿ ಮಗನ ಜೊತೆ ಇದ್ದಾರೆ. ‘ಡ್ಯಾಮ್ ಕಟ್ಟುವಾಗ ಬಂದ್ವಿ ಮಾರಾಯ’ ಅಂದರು. ಯಾವ ಡ್ಯಾಮ್? ಶರಾವತಿಗೆ ಹಿರೇಭಾಸ್ಕರ 1948ರಲ್ಲಿ ಆಯಿತು, ಲಿಂಗನಮಕ್ಕಿ 1964ರಲ್ಲಿ. ಹದಿನಾರು ವರ್ಷದ ವ್ಯತ್ಯಾಸ. ಅಜ್ಜಿಯ ಟ್ರಂಕಿನಲ್ಲಿ ಬಾಡಿಗೆ ರಸೀದಿಗಳಿದ್ದವು, ತಾರೀಖು ಅಳಿಸಿ ಹೋಗಿತ್ತು, ಮೊತ್ತ ಮಾತ್ರ ರೂಪಾಯಿ, ನಯೇ ಪೈಸೆ ಅಂತ ಇತ್ತು. ನಯೇ ಪೈಸೆ ಬಂದದ್ದು 1957ರಲ್ಲಿ, ‘ನಯೇ’ ಬಿಟ್ಟುಹೋದದ್ದು 1964ರಲ್ಲಿ. ಅಂದರೆ ಲಿಂಗನಮಕ್ಕಿಯ ಮುಳುಗಡೆ. ನೀರು ನಿಲ್ಲುವ ಮೊದಲೇ ಊರು ಬಿಡಿಸಿದ್ದರು. ಅಜ್ಜಿ ತೋರಿಸಿದ ಇನ್ನೂ ಕೆಲವು ಕಾಗದ ಇವೆ, ಅವು ಅವರ ಮನೆಯ ವಿಷಯ, ನನ್ನ ಪಟ್ಟಿಗೆ ಹಾಕಿಲ್ಲ. ಅವರ ನಂತರ ಸಹ್ಯಾದ್ರಿ ಕಾಲೇಜಿನ ಹುಡುಗರು ರೂಮು ಮಾಡಿಕೊಂಡಿದ್ದರು, ಆಮೇಲೆ ಒಬ್ಬ ಟೈಲರ್. ಆಮೇಲೆ ನಾನು ಕೊಂಡೆ.

ಖರ್ಚು ಹೇಳುತ್ತೇನೆ, ನೆನಪಿದ್ದಷ್ಟು. ಹಾಳಾದದ್ದು ಆರು ಸಾವಿರ. ಹುಡುಕಾಟದ ಶುಲ್ಕ, ನಕಲು ಸೇರಿ ಐದೂವರೆ. ಹಳೆ ಕೈಬರಹ ಓದಲು ಕೂತ ನಿವೃತ್ತ ಮೇಷ್ಟರಿಗೆ ಮೂರು ಸಾವಿರ, ಅವರು ಬೇಡ ಅಂದರೂ ಕೊಟ್ಟೆ. ಓಡಾಟ, ಜೆರಾಕ್ಸು ಅಂತ ಒಂದೂವರೆ. ಹದಿನಾರು ಸಾವಿರದ ಆಸುಪಾಸು. ಚಕ್ಕುಬಂದಿಯಿಂದಲೇ ಶುರು ಮಾಡುವವರಿಗೆ ಹತ್ತರಲ್ಲಿ ಮುಗಿಯುತ್ತದೆ. ಆಗಲ್ಲ ಅಂದಿದ್ದ ಸರ್ವೆಯವರು ಮೊನ್ನೆ ನನ್ನ ಪಟ್ಟಿಯ ಜೆರಾಕ್ಸ್ ಕೇಳಿ ತಗೊಂಡರು. ಎರಡನೇ ಮನೆಗೆ 1940ರ ದಶಕದಲ್ಲಿ ನಾಲ್ಕೈದು ವರ್ಷ ಖಾಲಿ ಇದೆ, ಆ ಕಾಲದ ಬಾಡಿಗೆ ರಸೀದಿ ಯಾರ ಟ್ರಂಕಿನಲ್ಲಾದರೂ ಇದ್ದರೆ ನನಗೆ ತಿಳಿಸಿ.